ಹೊಳೆ ಇಳಿದ ಮೇಲಿನ ಜೋಗ

ಲಿಂಗನಮಕ್ಕಿ ಅಣೆಕಟ್ಟೆ ಜೋಗವನ್ನು ಕೊಂದಿತೆಂದು ಎಲ್ಲರೂ ಹೇಳುತ್ತಾರೆ. ಸತ್ತದ್ದು ಯಾವ ತಿಂಗಳ ಜೋಗ ಎಂದು ಕೇಳುವವರಿಲ್ಲ. ನಮ್ಮ ಕಣ್ಣಿಗೆ ಕಟ್ಟಿದ್ದು ಆಗಸ್ಟಿನದು: ರಾಜ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಧಾರೆಗಳು ಒಂದಕ್ಕೊಂದು ಕೂಡಿಕೊಳ್ಳುವಷ್ಟು ನೀರು. ಹತ್ತೊಂಬತ್ತನೆಯ ಶತಮಾನದ ಪ್ರವಾಸಿ ಬರುತ್ತಿದ್ದುದು ಇದಕ್ಕಲ್ಲ. ಬ್ರಿಟಿಷರ ಗೆಜೆಟಿಯರು ಸೂಚಿಸುವ ಕಾಲ ಡಿಸೆಂಬರಿನ ಮೊದಲ ದಿನಗಳು. ಹೊಳೆ ಇಳಿದು ಗುಂಡಿಯ ಬುಡಕ್ಕೆ ಹೋಗಲು ಆಗ ದಾರಿಯಾಗುತ್ತದೆ ಎಂಬುದು ಅದು ಕೊಡುವ ಕಾರಣ. ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆ, ಅಲ್ಲಿಂದ ಮಲೆಮನೆ ಘಟ್ಟ ಹತ್ತಬೇಕಿದ್ದ ಕಾಲದಲ್ಲಿ ಮಳೆಗಾಲದ ಪ್ರಯಾಣವೇ ದುಸ್ತರ. ಹಟ ಹಿಡಿದು ಬಂದರೂ ಕಂದರದ ತುಂಬ ಮಂಜು. ಶರಾವತಿ ಮೈಸೂರಿಗೂ ಮುಂಬಯಿ ಪ್ರಾಂತಕ್ಕೂ ಗಡಿಯಾಗಿದ್ದರಿಂದ ದಡಕ್ಕೊಂದು ಬಂಗಲೆ ಇತ್ತು. ರಾಜನ ನೆತ್ತಿಯ ಬಂಡೆಯ ಮೇಲೆ ಬೋರಲು ಮಲಗಿ, ತಲೆಯಷ್ಟೇ ಅಂಚಿನಾಚೆ ಚಾಚಿ ಕೆಳಗೆ ನೋಡುವುದು ಅಂದಿನವರ ರೂಢಿ. ನೆರೆಯಲ್ಲಿ ಆ ಬಂಡೆಯ ಹತ್ತಿರ ಸುಳಿಯುವುದೂ ಆಗದ ಮಾತು. 1856ರಲ್ಲಿ ನೌಕಾದಳದ ಅಧಿಕಾರಿಗಳು ಬೀಳುವ ಎತ್ತರ 830 ಅಡಿ, ಗುಂಡಿಯ ಆಳ 132 ಅಡಿ ಎಂದು ಅಳೆದರಲ್ಲ, ಅದೂ ನೀರು ತಗ್ಗಿದಾಗಿನ ಕೆಲಸವೇ ಇರಬೇಕು.

ಸುತ್ತಲಿನ ಊರಿನವರು ಮಳೆಗಾಲದ ಜೋಗವನ್ನು ಕಂಡಿರಲಿಲ್ಲವೇ ಎಂದರೆ, ಕಂಡೇ ಇದ್ದರು. ನನ್ನ ಮಾತು ದೂರದಿಂದ ನೋಟಕ್ಕೆಂದೇ ಬರುವವರ ಅಭಿರುಚಿಯದು. ಅದು ಬದಲಾದದ್ದು ದಾರಿ ಬದಲಾದಾಗ. 1940ರ ಸುಮಾರಿಗೆ ತಾಳಗುಪ್ಪಕ್ಕೆ ರೈಲು ಬಂತು, 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯಿತು, ಆಮೇಲೆ ಬಸ್ಸುಗಳು. ಸಾಮಾನ್ಯ ಕನ್ನಡಿಗ ಮಳೆಯಲ್ಲೇ ಬಂದು, ಮೈಸೂರು ಕಡೆಯಿಂದ ನಿಂತು ನೋಡಿ, ಸಂಜೆಗೆ ಹಿಂತಿರುಗುವುದು ಸಾಧ್ಯವಾಯಿತು. ಅವನು ದೂರುವ ಕರೆಂಟೇ ಅವನಿಗೆ ರಸ್ತೆಯನ್ನೂ ಮಾಡಿಕೊಟ್ಟಿತು.

ಹಾಗಾದರೆ ಅಣೆಕಟ್ಟೆಯಿಂದ ನಷ್ಟವೇ ಆಗಲಿಲ್ಲವೇ? ಆಗಿದೆ, ದೊಡ್ಡದೇ. ಮುಳುಗಡೆಯಾದವರ ಲೆಕ್ಕ ಬೇರೆಯೇ ಇದೆ; ನೋಟದ ಮಟ್ಟಿಗೆ ಹೇಳುವುದಾದರೆ, 1964ರ ನಂತರ ಮಳೆಗಾಲದ ನೀರೆಲ್ಲ ಮೊದಲು ಜಲಾಶಯಕ್ಕೆ ಸೇರಿ, ಅದು ತುಂಬಿ ಗೇಟು ಎತ್ತಿದ ವರ್ಷಗಳಲ್ಲಿ ಮಾತ್ರ ಹಳೆಯ ಅಬ್ಬರ ಮರಳುತ್ತದೆ. ಡಿಸೆಂಬರಿಗೆ ಆ ಅವಕಾಶವೂ ಇಲ್ಲ. ಅಂದಿನವರು ನಾಲ್ಕು ಧಾರೆಗಳನ್ನು ಬಿಡಿಬಿಡಿಯಾಗಿ ಗುರುತಿಸಿ ಹೆಸರಿಟ್ಟದ್ದು ಆ ತೆಳು ನೀರನ್ನು ನೋಡಿಯೇ ಎಂದು ನನಗನಿಸುತ್ತದೆ. ವರ್ಷವಿಡೀ ಜೋಗ ಧುಮ್ಮಿಕ್ಕುವಂತೆ ಮಾಡುವ ಪ್ರಸ್ತಾಪಗಳು ಆಗಾಗ ಕೇಳಿಬರುತ್ತವೆ. ಕಳೆದುಹೋದದ್ದನ್ನು ಮರಳಿಸುತ್ತೇವೆ ಎನ್ನುವ ಈ ಪ್ರಸ್ತಾಪಗಳು ಕೊಡಲು ಹೊರಟಿರುವುದು ಶರಾವತಿ ಎಂದೂ ಹರಿಯದಿದ್ದ ರೀತಿಯ ಬೇಸಿಗೆಯನ್ನು.