ಸ್ವರ ಒಂದೇ, ವೇಷ ಹಲವು: ಬಿ. ಜಯಶ್ರೀ

ಮಧ್ಯಾಹ್ನ ಊಟ ಆದ ಮತ್ತೆ ಟೀವಿಲಿ ಹಳೇ ರಾಜ್‌ಕುಮಾರ್ ಸಿನೆಮ ನೋಡುವ ಅಕ್ಕಂದ್ರು ನಮ್ಮಲ್ಲಿ ಸುಮಾರು ಜೆನ ಇದ್ದವು. ನಾಯಕಿ ಮಾಧವಿ ಎಷ್ಟು ಚೆಂದಕೆ ಕನ್ನಡ ಮಾತಾಡ್ತು ಹೇಳಿ ಹೊಗಳುವವೂ ಇದ್ದವು. ಆದರೆ ಮಾಧವಿಗೆ, ಮತ್ತೆ ಅದರ ಹಾಂಗಿಪ್ಪ ಹಲವು ನಾಯಕಿಯಕ್ಕೊಗೆ ಸ್ವರ ಕೊಟ್ಟದು ಬಿ. ಜಯಶ್ರೀ. ಮೋರೆ ಒಂದು ಜೆನದ್ದು, ಮಾತು ಇನ್ನೊಂದು ಜೆನದ್ದು!

ಜಯಶ್ರೀ ಹುಟ್ಟಿದ್ದು 1950ರಲ್ಲಿ. ಗುಬ್ಬಿ ವೀರಣ್ಣನ ಮಗಳ ಮಗಳು. ಗುಬ್ಬಿ ಕಂಪೆನಿ ಶುರುವಾದ್ದು 1884ರಲ್ಲಿ. ವೀರಣ್ಣನ ಕಾಲಲ್ಲಿ ಅದು ಊರಿಡೀ ಹೆಸರು ಮಾಡಿತ್ತು. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತಿದ್ದವು. ರಾಜ್‌ಕುಮಾರ್ ಸಿನೆಮಕ್ಕೆ ಹೋಪ ಮದಲು ಅಲ್ಲಿ ಪಾತ್ರ ಮಾಡಿದವು. ನಮ್ಮ ಬಂಟ್ವಾಳದ ಹತ್ತರೆ ಮಂಚಿಲಿ ಹುಟ್ಟಿದ ಬಿ.ವಿ. ಕಾರಂತರು ಸಣ್ಣ ಪ್ರಾಯಲ್ಲಿ ಮನೆ ಬಿಟ್ಟು ಹೋಗಿ ಸೇರಿದ್ದೂ ಇದೇ ಕಂಪೆನಿಗೆ.

ಮದಲು ನಾಟಕಲ್ಲಿ ಹೆಣ್ಣುವೇಷವನ್ನೂ ಗೆಂಡುಮಕ್ಕಳೇ ಮಾಡಿಗೊಂಡಿತ್ತಿದ್ದವು, ನಮ್ಮ ಆಟಲ್ಲಿ ಇಪ್ಪ ಹಾಂಗೆ. ವೀರಣ್ಣ ಹೆಮ್ಮಕ್ಕಳ ರಂಗಕ್ಕೆ ತಂದವು. ಅವರ ಹೆಂಡತಿ ಬಿ. ಜಯಮ್ಮ ಹೆಸರಾಂತ ನಟಿ. ಆದರೂ ನಾಟಕಕ್ಕೆ ಸೇರಿದ ಹೆಮ್ಮಕ್ಕಳ ಊರು ಹಗುರ ಕಂಡುಗೊಂಡಿದ್ದ ಕಾಲ ಅದು. ಚಪ್ಪಾಳೆ ತಟ್ಟುಗು, ಮನೆಗೆ ಸೊಸೆ ಮಾಡಿಗೊಂಬಲೆ ಮಾತ್ರ ಹಿಂದೆ ಮುಂದೆ ನೋಡುಗು.

ಅಂಥಾ ಕಾಲಲ್ಲಿ ಜಯಶ್ರೀ ಸಣ್ಣಾಗಿಪ್ಪಗಳೇ ಕಂಪೆನಿಯ ರಂಗ ಹತ್ತಿದವು. ಮತ್ತೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ 1973ರಲ್ಲಿ ಕಲ್ತು ಮುಗಿಶಿದವು. ಅಂಬಗ ಅಲ್ಲಿ ಇಬ್ರಾಹಿಂ ಅಲ್ಕಾಜಿ ನಿರ್ದೇಶಕರು. ಮನೆಲಿ ಕಲ್ತದು ಪದ್ಯ, ಪರದೆ, ಕಡೇ ಸಾಲಿಂಗೂ ಕೇಳುವ ಹಾಂಗಿಪ್ಪ ದೊಡ್ಡ ಸ್ವರ. ಶಾಲೆಲಿ ಕಲ್ತದು ಹೊಸ ಕ್ರಮದ ನಾಟಕ. ಎರಡರಲ್ಲಿ ಒಂದನ್ನೂ ಅವು ಬಿಟ್ಟಿದವಿಲ್ಲೆ. ಬೆಂಗಳೂರಿಲಿ 'ಸ್ಪಂದನ' ಹೇಳ್ತ ತಂಡ ಕಟ್ಟಿದವು. 'ಲಕ್ಷಾಪತಿ ರಾಜನ ಕಥೆ', ಚಂದ್ರಶೇಖರ ಕಂಬಾರರ ಕಾದಂಬರಿಂದ ಮಾಡಿದ 'ಕರಿಮಾಯಿ', ಇದೆಲ್ಲ ಅವರ ನಿರ್ದೇಶನಲ್ಲಿ ಬಂದ ನಾಟಕಂಗೊ. ಹಾಡುದು, ಕೊಣಿವದು, ಕತೆ ಹೇಳುದು ಎಲ್ಲ ಒಟ್ಟಿಂಗೆ ಬಪ್ಪದು ಅಲ್ಲಿ.

ನಾಟಕ ತಂಡ ನಡೆಶುದು ಹೇಳಿರೆ ದೊಡ್ಡ ಸಂಸಾರ ಸುಧಾರಿಸಿದ ಹಾಂಗೆ. ಪಾತ್ರ ಹಂಚೆಕ್ಕು, ಬಂದವಕ್ಕೆಲ್ಲ ಕಲಿಶೆಕ್ಕು, ಪೈಸೆಯೂ ಹೊಂದುಸೆಕ್ಕು. ಅದರ ಒಟ್ಟಿಂಗೇ ಅವು ಸಿನೆಮಕ್ಕೆ ಸ್ವರ ಕೊಟ್ಟವು. ಡಬ್ಬಿಂಗ್ ಕೆಲಸ ಅಡಿಗೆಕೋಣೆ ಕೆಲಸದ ಹಾಂಗೇ. ಹಂತಿಲಿ ಕೂದವು ಪಾಯಸ ಲಾಯ್ಕಾಯಿದು ಹೇಳುಗು, ಸೌಟು ತಿರುಗಿಸಿದ ಕೈ ಆರಿಂಗೂ ಕಾಣ. ನಾಯಕಿ ಕೂಗಿಯಪ್ಪಗ ನವಗೆ ಕಣ್ಣೀರು ಬಂದದು ಮೋರೆ ನೋಡಿ ಮಾತ್ರ ಅಲ್ಲನ್ನೆ!

ಅವು ಎದುರು ಬಂದು ನಿಂದದೂ ಇದ್ದು. 1997ರ 'ನಾಗಮಂಡಲ' ಸಿನೆಮಲ್ಲಿ ಪಾತ್ರ ಮಾಡಿದವು. 2001ರ 'ನನ್ನ ಪ್ರೀತಿಯ ಹುಡುಗಿ'ಲಿ ಕಾರಿನ ಬಗ್ಗೆ ಒಂದು ಪದ್ಯ ಇದ್ದನ್ನೆ, ಮದುವೆ ದಿಬ್ಬಣದ ಬಸ್ಸಿಲಿ ಮಕ್ಕೊ ಹಾಡಿಗೊಂಡಿದ್ದದು? ಅದು ಇವರದ್ದೇ ಸ್ವರ. ಆ ಪದ್ಯ ಬಪ್ಪಗ ಅವಕ್ಕೆ ಪ್ರಾಯ 50 ಕಳುದಿತ್ತು!

ಮೈಸೂರಿಲಿ ಕಾರಂತರು ಕಟ್ಟಿದ ರಂಗಾಯಣಕ್ಕೂ ಅವು ನಿರ್ದೇಶಕಿ ಆದವು. ಕಂಪೆನಿಗೆ ಓಡಿ ಬಂದ ಮಾಣಿ ಕಟ್ಟಿದ ಮನೆಯ ಕಂಪೆನಿ ಮನೆಯ ಕೂಸೇ ನೋಡಿಗೊಂಡ ಹಾಂಗಾತು. 1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. 2010ರಲ್ಲಿ ರಾಜ್ಯಸಭೆಗೆ ನಾಮಕರಣ ಆತು. ಅಜ್ಜಂಗೆ 1972ರಲ್ಲಿ ಬಂದ ಪದ್ಮಶ್ರೀ, 41 ವರ್ಷ ಕಳುದು 2013ರಲ್ಲಿ ಪುಳ್ಳಿಗೂ ಬಂತು. ಕಂಪೆನಿ ಹೆಮ್ಮಕ್ಕಳ ಹಗುರ ಮಾಡಿದ ದೇಶವೇ ಕಂಪೆನಿ ಮನೆಯ ಕೂಸಿನ ಸಂಸತ್ತಿಲಿ ಕೂರ್ಸಿತ್ತು.

ನಟಿ, ನಿರ್ದೇಶಕಿ, ಹಾಡುವವು, ಸ್ವರ ಕೊಡುವವು, ಸಂಸತ್ತಿನ ಸದಸ್ಯೆ ಹೇಳಿ ಪಟ್ಟಿ ಮಾಡ್ಲಕ್ಕು. ಎನಗೆ ಕಾಂಬದು ಎಲ್ಲದರ ಅಡಿಲಿಪ್ಪ ಆ ಒಂದು ಸ್ವರ. ಹೆಸರು ಬಂದರೂ ಬಾರದ್ದರೂ ಒಂದೇ ನಮುನೆ ಗಟ್ಟಿ ನಿಂದ ಸ್ವರ. ಮಕ್ಕೊ, ಪುಳ್ಳಿಯಕ್ಕೊ ಹಳೇ ಸಿನೆಮ ನೋಡುವಗ ಆ ಹೆಸರು ಒಂದರಿ ಹೇಳಿಕೊಡಿ, ಆತಾ?