ಹೊಸ ತೆನೆ ಮತ್ತು ಮನೆಯ ಸ್ತೋತ್ರ

ಒಂದು ಇಗರ್ಜಿಗೆ ನೂರು ವರ್ಷ ತುಂಬಿದಾಗ ಅದರ ಚರಿತ್ರೆಯನ್ನು ಬರೆಯುವುದು ಅಷ್ಟೇನೂ ಕಷ್ಟವಲ್ಲ. ಅಡಿಗಲ್ಲು ಇಟ್ಟವರು ಯಾರು, ಗಂಟೆ ಎಲ್ಲಿಂದ ಬಂತು, ವಿಚಾರಣಾ ಗುರುಗಳಾಗಿ ಯಾರು ಯಾರು ಸೇವೆ ಸಲ್ಲಿಸಿದರು ಎಂಬುದೆಲ್ಲ ದಫ್ತರಗಳಲ್ಲಿ ಸಿಗುತ್ತದೆ. ಜ್ಞಾನಸ್ನಾನ, ವಿವಾಹ, ಮರಣಗಳ ಪುಸ್ತಕಗಳಂತೂ ನಮ್ಮಲ್ಲಿ ಜೋಪಾನವಾಗಿವೆ. ಆದರೆ ಈ ನೂರು ವರ್ಷಗಳಲ್ಲಿ ಧರ್ಮಕೇಂದ್ರದ ಮನೆಗಳಲ್ಲಿ, ಸಂಜೆಯ ಹೊತ್ತು ಪೀಠದ ಮುಂದೆ ದೀಪ ಹಚ್ಚಿ, ಕುಟುಂಬವೊಂದು ದೇವರಿಗೆ ಹೇಗೆ ಕೃತಜ್ಞತೆ ಸಲ್ಲಿಸಿತು ಎಂಬುದನ್ನು ಯಾವ ದಫ್ತರವೂ ಬರೆದಿಟ್ಟಿಲ್ಲ. ನಮ್ಮ ವಿಶ್ವಾಸದ ಚರಿತ್ರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅಲ್ಲಿಯೇ ಇದೆಯೆಂದು ನಾನು ಬಲವಾಗಿ ನಂಬುತ್ತೇನೆ. ಆ ಕಾರಣದಿಂದ ಈ ಸ್ಮರಣ ಸಂಚಿಕೆಗೆ ಕಟ್ಟಡದ ವಿಷಯವನ್ನು ಬಿಟ್ಟು ಮನೆಯ ಸ್ತೋತ್ರದ ವಿಷಯವನ್ನು ಆರಿಸಿಕೊಂಡಿದ್ದೇನೆ.

ಪ್ರತಿವರ್ಷ ಸೆಪ್ಟೆಂಬರ್ 8ರಂದು ನಾವು ಆಚರಿಸುವ ಮೊಂತಿ ಹಬ್ಬದಿಂದಲೇ ಆರಂಭಿಸೋಣ. ಅಂದು ಪವಿತ್ರ ಕನ್ಯಾ ಮಾತೆಯ ಜನನೋತ್ಸವ. ಪೂರ್ವದ ಧರ್ಮಸಭೆಯಲ್ಲಿ ಹುಟ್ಟಿದ ಈ ಹಬ್ಬವು ಏಳನೆಯ ಶತಮಾನದಲ್ಲಿ ರೋಮಿಗೆ ಬಂದಿತು. 687ರಿಂದ 701ರವರೆಗೆ ಪೀಠಸ್ಥರಾಗಿದ್ದ ಒಂದನೆಯ ಸೆರ್ಜಿಯುಸ್ ಜಗದ್ಗುರುಗಳು ಆ ದಿನ ಮೆರವಣಿಗೆಯನ್ನು ಏರ್ಪಡಿಸಿದರು. ಆದರೆ ರೋಮಿನ ಪಂಚಾಂಗದಲ್ಲಿ ಅಂದು ಭತ್ತದ ತೆನೆಗೆ ಏನೂ ಸ್ಥಾನವಿಲ್ಲ. ತೆನೆ ಸೇರಿಕೊಂಡದ್ದು ನಮ್ಮ ನೆಲದಲ್ಲಿ. ಗೋವೆಯ ಕ್ರೈಸ್ತರು ತೆನೆಯ ಹಬ್ಬವನ್ನು ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ದಿನ ಆಚರಿಸುತ್ತಾರೆ. ರಾಯ್ ಎಂಬ ಊರಿನಲ್ಲಿ ಆಗಸ್ಟ್ 5ರಂದು, ತಾಳೆಗಾಂವಿನಲ್ಲಿ ಆಗಸ್ಟ್ 21ರಂದು. ಹದಿನಾರನೆಯ ಮತ್ತು ಹದಿನೇಳನೆಯ ಶತಮಾನಗಳಲ್ಲಿ ಗೋವೆಯಿಂದ ದಕ್ಷಿಣಕ್ಕೆ ವಲಸೆ ಬಂದ ನಮ್ಮ ಪೂರ್ವಜರಲ್ಲಿ ಇದು ಮಾತೆಯ ಜನ್ಮದಿನದೊಂದಿಗೆ ಒಂದಾಯಿತು. ನೇತ್ರಾವತಿಯ ದಡದ ಫರಂಗಿಪೇಟೆಯಲ್ಲಿ, ಮೊಂತಿ ಮರಿಯಾನೊ ಎಂಬ ಗುಡ್ಡದ ಇಗರ್ಜಿಯಲ್ಲಿ, ಗೋವೆಯ ವಂದನೀಯ ಜೋಕಿಮ್ ಮಿರಾಂದ ಗುರುಗಳು 1763ರಲ್ಲಿ ಇದನ್ನು ಆರಂಭಿಸಿದರೆಂದು ಪರಂಪರೆ ಹೇಳುತ್ತದೆ. ‘ಮೊಂತಿ’ ಎಂದರೆ ಗುಡ್ಡ. ಗುಡ್ಡದ ಹೆಸರೇ ಹಬ್ಬಕ್ಕೆ ನಿಂತಿತು.

ಈ ದಿನದ ಆಯ್ಕೆಯಲ್ಲಿ ರೈತನ ಅನುಭವವೂ ಅಡಗಿದೆ. ಕರಾವಳಿಯಲ್ಲಿ ಮಳೆಗಾಲದ ಬೆಳೆಗೆ ಏಣೆಲು ಎನ್ನುತ್ತಾರೆ. ಜೂನಿನಲ್ಲಿ ಬಿತ್ತಿದ ಏಣೆಲು ಸೆಪ್ಟೆಂಬರಿನ ಹೊತ್ತಿಗೆ ತೆನೆ ಬಿಡುತ್ತದೆ. ಅದಕ್ಕೆ ಮುಂಚಿನ ಆಟಿ ತಿಂಗಳು ಹಿಂದಿನವರಿಗೆ ಹಸಿವಿನ ತಿಂಗಳಾಗಿತ್ತು. ಪಣತದ ಅಕ್ಕಿ ತಳ ಕಾಣುವುದು, ಗುಡ್ಡದ ಸೊಪ್ಪು, ಕೆಸು, ಹಲಸಿನ ಬೀಜಗಳಿಂದ ಹೊಟ್ಟೆ ತುಂಬಿಸಿಕೊಳ್ಳುವುದು ಆಗಿನ ವಾಡಿಕೆ. ಇಂಥ ತಿಂಗಳನ್ನು ದಾಟಿ ಬಂದವನ ಕಣ್ಣಿಗೆ ಮೊದಲ ತೆನೆ ಹೇಗೆ ಕಂಡಿರಬೇಕು! ಅವನು ಆ ತೆನೆಯನ್ನು ನೇರವಾಗಿ ಒರಳಿಗೆ ಹಾಕಲಿಲ್ಲ. ಬೆಳೆ ಕೊಯ್ದು, ಧಣಿಯ ಗೇಣಿ ಅಳೆದು, ಉಳಿದುದನ್ನು ಎಣಿಸಿ, ಆಮೇಲೆ ದೇವರನ್ನು ನೆನೆಯೋಣವೆಂದು ಕಾಯಲೂ ಇಲ್ಲ. ಇನ್ನೂ ಕೊಯ್ಲಾಗದ, ಮುಂದೆ ಕೈಗೆ ಬರುವುದೋ ಇಲ್ಲವೋ ತಿಳಿಯದ ಬೆಳೆಗಾಗಿ ಅವನು ಮೊದಲೇ ಸ್ತೋತ್ರ ಸಲ್ಲಿಸಿದನು. ಸ್ತೋತ್ರವು ತುತ್ತಿಗಿಂತ ಮುಂಚಿನದು ಎಂಬುದೇ ಈ ಹಬ್ಬದ ತಿರುಳು.

ತುಳುವರ ಕೊರಲ್ ಪರ್ಬ, ಕೊಡಗಿನ ಹುತ್ತರಿ, ಮಲೆನಾಡಿನ ಹೊಸ್ತು ಇವೆಲ್ಲವೂ ಹೊಸ ಬೆಳೆಯನ್ನು ಮನೆ ತುಂಬಿಸಿಕೊಳ್ಳುವ ಹಬ್ಬಗಳೇ. ನೆರೆಹೊರೆಯ ಬಾಂಧವರಿಂದ ನಮ್ಮ ಹಿರಿಯರು ಬಹಳಷ್ಟನ್ನು ಉಳಿಸಿಕೊಂಡರು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಪವಿತ್ರ ಗ್ರಂಥವೂ ಇದನ್ನೇ ಕಲಿಸುತ್ತದೆ. ಮೊದಲ ಸಿವುಡನ್ನು ದೇವರಿಗೆ ಅರ್ಪಿಸುವವರೆಗೆ ಹೊಸ ಧಾನ್ಯವನ್ನು ತಿನ್ನಬಾರದೆಂದು ಯಾಜಕಕಾಂಡದ 23ನೆಯ ಅಧ್ಯಾಯದಲ್ಲಿ ವಿಧಿಸಲಾಗಿದೆ. ಧರ್ಮೋಪದೇಶಕಾಂಡದ 26ನೆಯ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಪ್ರಥಮ ಫಲದ ಬುಟ್ಟಿಯನ್ನು ಯಾಜಕನ ಕೈಗೆ ಕೊಟ್ಟ ರೈತನು ಸುಮ್ಮನೆ ಹಿಂದಿರುಗುವಂತಿಲ್ಲ. ಅವನು ಬಾಯಿಬಿಟ್ಟು ತನ್ನ ವಂಶದ ಕಥೆಯನ್ನು ಹೇಳಬೇಕು: ಪೂರ್ವಜನು ಅಲೆಮಾರಿಯಾಗಿದ್ದುದು, ಈಜಿಪ್ಟಿನಲ್ಲಿ ದಾಸರಾದುದು, ಅತ್ತುದು, ದೇವರು ಬಿಡಿಸಿ ಈ ನೆಲಕ್ಕೆ ತಂದುದು. ಬಳಿಕ ಮನೆಯವರೆಲ್ಲರೂ, ಲೇವಿಯರೂ, ನಡುವೆ ನೆಲೆಸಿದ ಪರದೇಶಿಯೂ ಕೂಡಿ ಸಂತೋಷಪಡಬೇಕು. ಅಂದರೆ ಇಸ್ರಯೇಲರಲ್ಲಿ ಕೃತಜ್ಞತೆ ಸಲ್ಲಿಸುವುದೆಂದರೆ ಚರಿತ್ರೆಯನ್ನು ನೆನೆಯುವುದು ಮತ್ತು ಊಟವನ್ನು ಹಂಚುವುದು. ಮನಸ್ಸಿನೊಳಗೆ ಒಂದು ಬೆಚ್ಚನೆಯ ಭಾವನೆ ಇದ್ದರೆ ಸಾಲದು.

ನಮ್ಮ ಪ್ರಭು ಯೇಸು ಕ್ರಿಸ್ತರು ಬೆಳೆದದ್ದು ಇಂಥ ಮನೆಯಲ್ಲಿ. ರೊಟ್ಟಿಯನ್ನು ಕೈಗೆತ್ತಿಕೊಂಡಾಗಲೆಲ್ಲ ಅವರು ಮೊದಲು ಸ್ತೋತ್ರ ಸಲ್ಲಿಸಿದರೆಂದು ಶುಭಸಂದೇಶಕಾರರು ಹೇಳುತ್ತಾರೆ. ಜನಸಮೂಹಕ್ಕೆ ರೊಟ್ಟಿ ಹಂಚುವಾಗಲೂ, ಮರುದಿನ ಶಿಲುಬೆಗೇರಲಿದ್ದ ಆ ಕಡೆಯ ರಾತ್ರಿಯಲ್ಲೂ. ನಾವು ಬಲಿಪೂಜೆಯ ಸಂಸ್ಕಾರವನ್ನು ಕರೆಯುವ ‘ಯೂಕರಿಸ್ತಿಯಾ’ ಎಂಬ ಗ್ರೀಕ್ ಪದದ ಅರ್ಥವೇ ಕೃತಜ್ಞತಾಸ್ತುತಿ. ಆದಿ ಕ್ರೈಸ್ತರ ಊಟದ ಮೇಜಿನಲ್ಲಿ ಏನು ನಡೆಯುತ್ತಿತ್ತು ಎಂಬುದಕ್ಕೆ ‘ದಿದಾಖೆ’ ಎಂಬ ಪುಟ್ಟ ಗ್ರಂಥ ಸಾಕ್ಷಿಯಾಗಿದೆ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಇದರ ಹಸ್ತಪ್ರತಿಯು 1873ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಸಿಕ್ಕಿ 1883ರಲ್ಲಿ ಅಚ್ಚಾಯಿತು. ಪಾತ್ರೆಗೆ ಒಂದು ಸ್ತೋತ್ರ, ರೊಟ್ಟಿಗೆ ಒಂದು ಸ್ತೋತ್ರ, ಹೊಟ್ಟೆ ತುಂಬಿದ ಮೇಲೆ ಮತ್ತೊಂದು ಸ್ತೋತ್ರ ಎಂದು ಅದು ವಿಧಿಸುತ್ತದೆ. ಹಿಟ್ಟು ನಾದಿದಾಗ, ದ್ರಾಕ್ಷಾರಸ ಅಥವಾ ಎಣ್ಣೆಯ ಹೊಸ ಭಾಂಡವನ್ನು ತೆರೆದಾಗ ಅದರ ಮೊದಲ ಭಾಗವನ್ನು ಪ್ರವಾದಿಗಳಿಗೆ ಕೊಡಬೇಕು. ಊರಿನಲ್ಲಿ ಪ್ರವಾದಿಗಳಿಲ್ಲದಿದ್ದರೆ ಬಡವರಿಗೆ ಕೊಡಬೇಕು. ಊಟವಾದ ಮೇಲಿನ ಸ್ತೋತ್ರವನ್ನು ನಮ್ಮಲ್ಲಿ ಎಷ್ಟು ಮನೆಗಳು ಇಂದು ಹೇಳುತ್ತವೆಯೋ! ಊಟಕ್ಕೆ ಮುಂಚಿನ ಶಿಲುಬೆಯ ಗುರುತಾದರೂ ಉಳಿದಿದೆ, ಅದೂ ಅತಿಥಿಗಳಿದ್ದರೆ ಸ್ವಲ್ಪ ಅವಸರದಲ್ಲಿ.

ಹಿತವಾದಾಗ ಸ್ತೋತ್ರ ಹೇಳುವುದು ಯಾರಿಗೂ ಸುಲಭ. ಕ್ರಿ. ಶ. 258ರ ಸೆಪ್ಟೆಂಬರ್ 14ರಂದು ಆಫ್ರಿಕದ ಕಾರ್ಥೇಜಿನಲ್ಲಿ ಧರ್ಮಾಧ್ಯಕ್ಷ ಸಂತ ಸಿಪ್ರಿಯಾನರಿಗೆ ಶಿರಚ್ಛೇದನದ ತೀರ್ಪನ್ನು ಓದಿ ಹೇಳಿದಾಗ ಅವರ ಬಾಯಿಂದ ಬಂದ ಉತ್ತರ ‘ದೇವರಿಗೆ ಸ್ತೋತ್ರ’ ಎಂಬುದಷ್ಟೇ. ಅದೇ ಆಫ್ರಿಕದಲ್ಲಿ ಮುಂದೆ ಸಂತ ಅಗಸ್ತೀನರ ಕಾಲಕ್ಕೆ, ಕ್ರೈಸ್ತರು ಒಬ್ಬರನ್ನೊಬ್ಬರು ಕಂಡಾಗ ಆ ಮಾತಿನಿಂದಲೇ ವಂದಿಸುತ್ತಿದ್ದರು. ದೊನಾತಿಸ್ತರು ಇದನ್ನು ಗೇಲಿ ಮಾಡುತ್ತಿದ್ದರೆಂದು ಅಗಸ್ತೀನರು ಬರೆದಿದ್ದಾರೆ. ಸಂತ ಬೆನೆದಿಕ್ತರ ನಿಯಮದಲ್ಲಿ ಮಠದ ದ್ವಾರಪಾಲಕನಿಗೆ ಇದೇ ಮಾತನ್ನು ಒಪ್ಪಿಸಲಾಗಿದೆ. ಯಾರೇ ಬಾಗಿಲು ತಟ್ಟಲಿ, ಬಡವನೇ ಕೂಗಿ ಕರೆಯಲಿ, ಬಾಗಿಲು ತೆರೆಯುವ ಮೊದಲೇ ಅವನು ದೇವರಿಗೆ ಸ್ತೋತ್ರ ಹೇಳಬೇಕು. ಬಂದವನು ಕೇಳಲು ಬಂದನೋ ಕೊಡಲು ಬಂದನೋ ಆಗ ಅವನಿಗೆ ತಿಳಿದಿರುವುದಿಲ್ಲ.

ನಮ್ಮ ಕೊಂಕಣಿ ಮನೆಮಾತಿನಲ್ಲಿ ಇದಕ್ಕೆ ಸರಿಸಾಟಿಯಾದ ಒಂದು ನುಡಿಯಿದೆ. ಉಪಕಾರ ಮಾಡಿದವರಿಗೆ ನಾವು ‘ದೇವ್ ಬರೆಂ ಕರುಂ’ ಎನ್ನುತ್ತೇವೆ. ‘ದೇವರು ಒಳಿತು ಮಾಡಲಿ’ ಎಂದು ಇದರ ಅರ್ಥ. ಕನ್ನಡದ ಹಳ್ಳಿಗಳಲ್ಲಿಯೂ ‘ದೇವರು ಒಳ್ಳೇದು ಮಾಡಲಿ’ ಎಂದೇ ಹಿರಿಯರು ಹರಸುತ್ತಾರೆ. ಇದನ್ನು ಹೇಳುವವನು ತನ್ನ ಋಣವನ್ನು ತಾನೇ ತೀರಿಸಿಬಿಟ್ಟೆನೆಂದು ತಿಳಿಯುವುದಿಲ್ಲ. ತೀರಿಸಲಾರದ್ದನ್ನು ದೇವರ ಕೈಗೆ ಒಪ್ಪಿಸುತ್ತಾನೆ. ‘ಥ್ಯಾಂಕ್ಸ್’ ಎಂಬ ಮಾತು ನಮ್ಮ ಮಕ್ಕಳ ನಾಲಗೆಯಲ್ಲಿ ಬೇರೂರಿದ ಮೇಲೆ ಈ ಪ್ರಾರ್ಥನೆ ಎಷ್ಟೋ ಮನೆಗಳಲ್ಲಿ ಅಜ್ಜಿಯಂದಿರ ಪಾಲಾಗಿದೆ. ಸಂಜೆಯ ಜಪಸರ ಮುಗಿದ ಬಳಿಕ ಮಕ್ಕಳು ಕೈಮುಗಿದು ಹಿರಿಯರಿಂದ ‘ಬೆಸಾಂವ್’ ಬೇಡುವ ಪದ್ಧತಿಯೂ ಹೀಗೆಯೇ. ಅಂದಿನ ದಿನವನ್ನು ಕೊಟ್ಟವರು ದೇವರು, ಬಾಳನ್ನು ಕೊಡಲು ದೇವರು ಬಳಸಿಕೊಂಡವರು ತಂದೆತಾಯಿಗಳು ಎಂಬ ಎರಡು ಪಾಠಗಳನ್ನು ಮಗು ಒಂದೇ ಬಾರಿಗೆ ಕಲಿಯುತ್ತಿತ್ತು.

ಈ ಮನೆಯ ಅಭ್ಯಾಸಗಳ ಬೆಲೆ ತಿಳಿದುಬಂದದ್ದು ಇಗರ್ಜಿಗಳಿಲ್ಲದಾದ ಕಾಲದಲ್ಲಿ. 1784ರ ತಪಸ್ಸುಕಾಲದ ಆರಂಭದ ಹೊತ್ತಿಗೆ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರದ ಕ್ರೈಸ್ತರನ್ನು ಹಿಡಿದು ಘಟ್ಟದ ಮೇಲಕ್ಕೆ, ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಹೋದವರ ಸಂಖ್ಯೆಯ ಬಗೆಗೆ ಚರಿತ್ರಕಾರರಲ್ಲಿ ಒಮ್ಮತವಿಲ್ಲ; ಹಲವು ಸಹಸ್ರ ಮಂದಿ ದಾರಿಯಲ್ಲಿಯೂ ಸೆರೆಯಲ್ಲಿಯೂ ಮಡಿದರೆಂಬುದರಲ್ಲಿ ಸಂಶಯವಿಲ್ಲ. ಹೆಚ್ಚಿನ ಇಗರ್ಜಿಗಳು ನೆಲಸಮವಾದವು, ಗುರುಗಳು ಗಡೀಪಾರಾದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬೀಳುವವರೆಗೆ ಹದಿನೈದು ವರ್ಷ ಇದು ನಡೆಯಿತು. ಈ ಅವಧಿಯಲ್ಲಿ ಹುಟ್ಟಿದ ಒಂದು ಮಗುವಿನ ಸ್ಥಿತಿಯನ್ನು ಯೋಚಿಸಿರಿ. ಇಗರ್ಜಿಯ ಗಂಟೆಯನ್ನು ಅದು ಕೇಳಿರಲಿಲ್ಲ, ಪೂಜಾಪೀಠವನ್ನು ಕಂಡಿರಲಿಲ್ಲ. ದೇವರಿಗೆ ಕೃತಜ್ಞರಾಗಿರಬೇಕೆಂಬುದನ್ನು ಅದಕ್ಕೆ ಯಾರಾದರೂ ಕಲಿಸಿದ್ದರೆ ಅದು ತಾಯಿಯೋ ಅಜ್ಜಿಯೋ ಆಗಿರಬೇಕು. ಸ್ತೋತ್ರ ಹೇಳಲು ಕಾರಣವೇ ಕಾಣದಂಥ ದಿನಗಳಲ್ಲಿ ಕಲಿಸಿರಬೇಕು. ಬದುಕುಳಿದವರು ಊರಿಗೆ ಮರಳಿದರು. ಅವರ ಭೂಮಿ ಎಷ್ಟೋ ಕಡೆ ಅನ್ಯರ ಪಾಲಾಗಿತ್ತು. ಆದರೂ ಇಗರ್ಜಿಗಳು ಮತ್ತೆ ಎದ್ದವು, ಸೆಪ್ಟೆಂಬರ್ 8ರ ತೆನೆ ಮತ್ತೆ ಪೀಠವನ್ನು ಸೇರಿತು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಕುಟುಂಬವನ್ನು ಗೃಹ ಧರ್ಮಸಭೆ ಎಂದು ಕರೆದಾಗ ಬೇರೆ ದೇಶಗಳವರಿಗೆ ಅದೊಂದು ಹೊಸ ವಿಚಾರವಾಗಿ ಕಂಡಿರಬಹುದು. ಈ ಜಿಲ್ಲೆಯವರಿಗೆ ಅದು ಪೂರ್ವಜರ ಅನುಭವ.

ನೊವೆಂ ಊಟದ ಕ್ರಮವನ್ನು ನೀವೆಲ್ಲರೂ ಬಲ್ಲಿರಿ. ಆದರೂ ದೂರದ ಊರುಗಳಲ್ಲಿ ಬೆಳೆಯುತ್ತಿರುವ ಮಕ್ಕಳಿಗಾಗಿ ನಾಲ್ಕು ಮಾತು ಬರೆಯುತ್ತೇನೆ. ಒಂಬತ್ತು ದಿನ ಮಕ್ಕಳು ಹೂವಿನ ಬುಟ್ಟಿ ಹಿಡಿದು ಬಾಲ ಮಾತೆಗೆ ಹೂವು ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ತೆನೆಯನ್ನು ಮನೆಗೆ ಒಯ್ದು ಪೀಠದ ಮೇಲಿಡುತ್ತಾರೆ. ಕೆಲವು ಕಾಳುಗಳನ್ನು ಸುಲಿದು ಪುಡಿಮಾಡಿ ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸುತ್ತಾರೆ. ಪ್ರಾರ್ಥನೆಯಾದ ಮೇಲೆ ಮನೆಯ ಹಿರಿಯರು ಅದನ್ನು ಒಬ್ಬೊಬ್ಬರಿಗೂ ಹಂಚುತ್ತಾರೆ. ಬಾಳೆಲೆಯ ಊಟದಲ್ಲಿ ಮೀನು ಮಾಂಸಗಳಿಲ್ಲ. ಕೆಸು, ಹರಿವೆ, ಬೆಂಡೆ, ಹೀರೆ, ಅಮಟೆ ಮುಂತಾದ ಮಳೆಗಾಲದ ಹಿತ್ತಲ ತರಕಾರಿಗಳ ಪದಾರ್ಥಗಳು ಐದೋ ಏಳೋ ಒಂಬತ್ತೋ ಬೆಸಸಂಖ್ಯೆಯಲ್ಲಿ. ಕೊನೆಗೆ ವೊರ್ನ್ ಎಂಬ ಪಾಯಸ. ಮುಂಬಯಿಗೂ ಕೊಲ್ಲಿ ದೇಶಗಳಿಗೂ ದುಡಿಯಲು ಹೋದವರಿಗಾಗಿ ತಾಯಂದಿರು ನಾಲ್ಕು ಕಾಳುಗಳನ್ನು ಕಾಗದದ ಲಕೋಟೆಯಲ್ಲಿ ಕಳುಹಿಸುವುದುಂಟು. ಆ ಲಕೋಟೆಯ ಮುಂದೆ ನನ್ನ ಎಷ್ಟೋ ಪ್ರಬೋಧನೆಗಳು ಸಪ್ಪೆ.

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ನಮ್ಮ ಎಷ್ಟೋ ಗೇಣಿದಾರ ಕುಟುಂಬಗಳು ಉತ್ತ ಭೂಮಿಗೆ ಒಡೆಯರಾದವು. ಆ ಒಡೆಯರ ಮಕ್ಕಳು ಗದ್ದೆಯನ್ನು ಅಡಿಕೆ ತೋಟ ಮಾಡಿದರು, ಮೊಮ್ಮಕ್ಕಳು ಮನೆ ಕಟ್ಟಿದರು. ಇದರಲ್ಲಿ ತಪ್ಪು ಹುಡುಕಲು ನಾನು ಹೋಗುವುದಿಲ್ಲ, ಉತ್ತು ಬಿತ್ತಿ ಸೋತವನ ಕಷ್ಟ ಬೇರೆಯವರಿಗೆ ತಿಳಿಯದು. ಆದರೆ ಇಂದು ಹಬ್ಬದ ತೆನೆಯನ್ನು ಗದ್ದೆಯಿರುವ ಕೆಲವರಿಂದ ಕೇಳಿ ತರಬೇಕಾಗಿದೆ. ಬೆಳೆ ನಮ್ಮದಲ್ಲ, ಆಟಿಯ ಹಸಿವೂ ನಮಗೆ ತಿಳಿಯದು. ಹೀಗಿರುವಾಗ ತೆನೆ ಹಿಡಿದು ನಾವು ಯಾವುದಕ್ಕಾಗಿ ಸ್ತೋತ್ರ ಹೇಳುತ್ತಿದ್ದೇವೆ? ತಿಂಗಳ ಸಂಬಳ ನೇರವಾಗಿ ಬ್ಯಾಂಕಿನ ಖಾತೆಗೆ ಬಂದು ಬೀಳುವ ಮನೆಯಲ್ಲಿ ‘ಮೊದಲ ಫಲ’ ಯಾವುದು? ಕೆಲವರು ಈಗಲೂ ಮೊದಲ ಸಂಬಳವನ್ನು ತಂದು ಪೀಠದ ಮುಂದಿಟ್ಟು, ಒಂದು ಪಾಲನ್ನು ಬಡವರಿಗೆ ತೆಗೆದಿಡುತ್ತಾರೆ. ಅವರಿಗೆ ದಿದಾಖೆಯ ಪರಿಚಯವಿಲ್ಲದಿರಬಹುದು, ಅದರ ನಿಯಮ ಮಾತ್ರ ಚೆನ್ನಾಗಿ ತಿಳಿದಿದೆ. ಇನ್ನು ಕೆಲವರು ಬೇಡಿದ್ದು ದೊರೆತ ಮೇಲೆ ಪತ್ರಿಕೆಯಲ್ಲಿ ಸಂತರ ಚಿತ್ರದೊಡನೆ ‘ಉಪಕಾರ ಸ್ಮರಣೆ’ ಅಚ್ಚು ಹಾಕಿಸಿ ಕೈತೊಳೆದುಕೊಳ್ಳುತ್ತಾರೆ. ಅದನ್ನು ಬೇಡವೆನ್ನಲಾರೆ, ಗುಣಹೊಂದಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಮರಳಿ ಬಂದವನು ಒಬ್ಬನೇ ಅಲ್ಲವೇ! ಆದರೆ ದೊರೆಯದೆ ಹೋದ ವರ್ಷ ಆ ಮನೆಯಲ್ಲಿ ಏನು ಹೇಳುತ್ತಾರೆಂದು ಕೇಳುವ ಆಸೆ ನನಗಿದೆ.

ಧರ್ಮೋಪದೇಶಕಾಂಡದ ರೈತನು ಬುಟ್ಟಿಯೊಡನೆ ತನ್ನ ಕಥೆಯನ್ನೂ ಅರ್ಪಿಸಿದನೆಂದು ಮೇಲೆ ಹೇಳಿದೆನಷ್ಟೆ. ನಮ್ಮ ನೊವೆಂ ಊಟದಲ್ಲಿ ಪದಾರ್ಥಗಳು ಕಡಮೆಯಾಗಿಲ್ಲ, ಈ ಕಥೆ ಕಡಮೆಯಾಗಿದೆ. ಆದಕಾರಣ ಶತಮಾನೋತ್ಸವದ ಈ ವರ್ಷ ಪ್ರತಿಯೊಂದು ಮನೆಯ ಹಿರಿಯರನ್ನು ಒಂದು ಮಾತು ಕೇಳಿಕೊಳ್ಳುತ್ತೇನೆ. ನೊವೆಂ ಹಂಚುವ ಮೊದಲು, ಹಾಲಿನ ಪಾತ್ರೆಯನ್ನು ಕೈಯಲ್ಲಿ ಹಿಡಿದಿರುವಾಗಲೇ, ನಿಮ್ಮ ಕುಟುಂಬ ಎಲ್ಲಿಂದ ಬಂದು ಈ ಊರಲ್ಲಿ ನೆಲೆಸಿತು, ಯಾರ ಗದ್ದೆಯನ್ನು ಉತ್ತಿತು, ಯಾವ ವರ್ಷ ಬೆಳೆ ಕೈಕೊಟ್ಟಿತು, ಯಾವ ನೆರೆಯವರು ಅಕ್ಕಿ ಕೊಟ್ಟು ಕಾಪಾಡಿದರು ಎಂಬುದನ್ನು ಮಕ್ಕಳಿಗೆ ಹೇಳಿರಿ. ಹತ್ತು ನಿಮಿಷ ಸಾಕು. ಅನ್ನ ಆರುವುದಾದರೆ ಆರಲಿ. ಆ ನೆರೆಯವರ ಮನೆ ಇನ್ನೂ ಹತ್ತಿರದಲ್ಲಿದ್ದರೆ, ಅವರು ಯಾವ ಧರ್ಮದವರೇ ಆಗಿರಲಿ, ಅಂದು ವೊರ್ನಿನ ಒಂದು ಪಾತ್ರೆ ಅಲ್ಲಿಗೂ ಹೋಗಲಿ.