ಅರ್ಧ ಇಂಚು ಎಂದರೆ ಎಷ್ಟು?

ಮಳೆಗಾಲದ ಒಂದು ಭಾನುವಾರ ನಮ್ಮ ಬಾಡಿಗೆ ಮನೆಯ ವಾಶ್‌ಬೇಸಿನ್ನಿನ ನಲ್ಲಿ ಕೈಕೊಟ್ಟಿತು. ಎಷ್ಟು ಬಿಗಿಯಾಗಿ ತಿರುಗಿಸಿದರೂ ಹನಿ ನಿಲ್ಲಲಿಲ್ಲ. ಪಿಎಚ್‌ಡಿ ಮಾಡುವವರ ಜೇಬಿನ ಸ್ಥಿತಿ ನಿಮಗೆ ಗೊತ್ತಿದ್ದದ್ದೇ. ಪ್ಲಂಬರನನ್ನು ಕರೆಯುವ ಬದಲು ನಾನೇ ನಲ್ಲಿ ಬದಲಿಸಲು ಕೂತೆ. ನಲ್ಲಿಯೇನೋ ಬಿಚ್ಚಿ ಬಂತು. ಆದರೆ ಅದರ ಕೆಳಗಿನ ಆಂಗಲ್ ವಾಲ್ವನ್ನು ತಿರುಗಿಸುವಾಗ ಗೋಡೆಯ ಮೇಲೆ ಹಾದುಹೋಗಿದ್ದ ಪೈಪಿನ ಎಲ್ಬೋ ಕೂಡ ಮುರಿದು ಕೈಗೆ ಬಂತು.

ಅಂಗಡಿಗೆ ಹೋಗಿ ಅರ್ಧ ಇಂಚಿನ ಎಲ್ಬೋ ಕೇಳಿದೆ. ಕೊಟ್ಟರು. ಮನೆಗೆ ತಂದು ನೋಡಿದರೆ ನಮ್ಮ ಕೆನೆಬಣ್ಣದ ಪೈಪು ಅದರೊಳಗೆ ಡಬ್ಬಿಯಲ್ಲಿ ಬಿದ್ದ ಪೆನ್ಸಿಲಿನಂತೆ ಅಲ್ಲಾಡಿತು. ಮತ್ತೆ ಹೋದೆ. ಈ ಸಲ ಪೈಪಿಗೆ ಹೊಂದುವ, ಒಳಗೆ ಪ್ಲಾಸ್ಟಿಕ್ಕಿನದೇ ತಿರುಪು ಇದ್ದ ಎಲ್ಬೋ ತಂದೆ. ಟೆಫ್ಲಾನ್ ಟೇಪನ್ನು ಧಾರಾಳವಾಗಿ ಸುತ್ತಿ, ಹಿತ್ತಾಳೆಯ ವಾಲ್ವನ್ನು ಇದ್ದ ಶಕ್ತಿಯೆಲ್ಲ ಹಾಕಿ ಬಿಗಿದೆ. ರಾತ್ರಿ ಅದು ಸೀಳಿತು. ಬೆಳಗ್ಗೆ ಎದ್ದಾಗ ಕೋಣೆಯಲ್ಲಿ ಪಾದ ಮುಳುಗುವಷ್ಟು ನೀರು. ನೆಲದ ಮೇಲೆ ಇಟ್ಟಿದ್ದ ಜೆರಾಕ್ಸ್ ಪ್ರತಿಗಳ ಎರಡು ಕಟ್ಟುಗಳು ಒದ್ದೆ ಮುದ್ದೆಯಾಗಿದ್ದವು. ನನ್ನ ಸಂಶೋಧನೆಯ ವಿಷಯ ಹಳೆಯ ನಗರಗಳ ನೀರು ಸರಬರಾಜು ಎಂಬುದನ್ನು ಹೇಳಿದರೆ ನೀವು ನಗುತ್ತೀರಿ.

ಕೊನೆಗೆ ಪ್ಲಂಬರ್ ಬಂದರು. ನನ್ನ ಕೈಯಲ್ಲಿದ್ದ ಎರಡೂ ಎಲ್ಬೋಗಳನ್ನು ನೋಡಿ, "ಎರಡೂ ಅರ್ಧ ಇಂಚೇ ಸಾರ್. ಹೆಸರು ಹೇಳಿ ತರಬಾರದು, ತುಂಡು ತೋರಿಸಿ ತರಬೇಕು" ಎಂದರು. ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಆ ಮಾತು ಮಾತ್ರ ತಲೆಯಲ್ಲಿ ಉಳಿಯಿತು. ಗೆಳೆಯನಿಂದ ವರ್ನಿಯರ್ ಕ್ಯಾಲಿಪರ್ ತಂದು ಉಳಿದ ತುಂಡುಗಳನ್ನು ಅಳೆದೆ. ಅರ್ಧ ಇಂಚು ಎಂದರೆ 12.7 ಮಿ.ಮೀ. ಕೆನೆಬಣ್ಣದ ಸಿಪಿವಿಸಿ ಪೈಪಿನ ಹೊರವ್ಯಾಸ 15.9. ಬಿಳಿಯ ಯುಪಿವಿಸಿ ಪೈಪಿನದು 21.3. ಹಳೆಯ ಜಿಐ ಕಬ್ಬಿಣದ ಪೈಪಿನದೂ 21.3. ನಲ್ಲಿಯ ಬಾಲದ ತಿರುಪು ಹತ್ತಿರ ಹತ್ತಿರ 21. ಎಲ್ಲವೂ ಅರ್ಧ ಇಂಚು, ಆದರೆ ಅರ್ಧ ಇಂಚಿನಷ್ಟು ಇರುವುದು ಒಂದೂ ಇಲ್ಲ!

ಇದಕ್ಕೆ ಉತ್ತರ ಹುಡುಕಲು ನೀರನ್ನು ಬಿಟ್ಟು ದೀಪದ ಕಡೆ ಹೋಗಬೇಕು. 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬೀದಿಗಳಿಗೆ ಕಲ್ಲಿದ್ದಲ ಅನಿಲದ ದೀಪ ಬಂತು. 1812ರಲ್ಲಿ ಲಂಡನ್ನಿನ ಅನಿಲ ಕಂಪನಿಗೆ ಸನ್ನದು ಸಿಕ್ಕಿತು. ಅನಿಲವನ್ನು ಮನೆಮನೆಗೆ ಒಯ್ಯಲು ಸಣ್ಣ ಕಬ್ಬಿಣದ ಕೊಳವೆಗಳು ಬೇಕಾದವು. ಮೊದಮೊದಲು ಹಳೆಯ ಬಂದೂಕಿನ ನಳಿಗೆಗಳನ್ನೇ ಒಂದಕ್ಕೊಂದು ತಿರುಪಿ ಜೋಡಿಸುತ್ತಿದ್ದರಂತೆ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇಂದಿಗೂ 'ಬ್ಯಾರೆಲ್ ನಿಪ್ಪಲ್' ಎಂಬ ತುಂಡು ಸಿಗುತ್ತದೆ. 1825ರಲ್ಲಿ ಕಾರ್ನೀಲಿಯಸ್ ವೈಟ್‌ಹೌಸ್ ಎಂಬಾತ ಕಬ್ಬಿಣದ ಪಟ್ಟಿಯನ್ನು ಕಾಯಿಸಿ, ಎಳೆದು, ಅಂಚು ಬೆಸೆದು ಕೊಳವೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಕೊಳವೆ ಅಗ್ಗವಾಯಿತು.

ಆ ಕೊಳವೆಗಳಿಗೆ ಹೆಸರಿಟ್ಟದ್ದು ಒಳಗಿನ ರಂಧ್ರದ ಅಳತೆಯಿಂದ. ಎಷ್ಟು ಅನಿಲ ಹರಿಯುತ್ತದೆ ಎಂಬುದು ಗಿರಾಕಿಗೆ ಮುಖ್ಯ. ತಿರುಪನ್ನು ಕತ್ತರಿಸುವುದು ಮಾತ್ರ ಕೊಳವೆಯ ಹೊರಮೈ ಮೇಲೆ. ಹಾಗಾಗಿ ಒಮ್ಮೆ ಜೋಡಣೆಗಳು ಬಳಕೆಗೆ ಬಂದ ಮೇಲೆ ಹೊರವ್ಯಾಸವನ್ನು ಬದಲಿಸುವಂತಿರಲಿಲ್ಲ. ಲೋಹ ಸುಧಾರಿಸಿ ಕೊಳವೆಯ ಗೋಡೆ ತೆಳುವಾದಾಗ ರಂಧ್ರವೇ ದೊಡ್ಡದಾಯಿತು. ಹೆಸರು ಹಾಗೇ ಉಳಿಯಿತು. ಇಂದಿನ ಮಧ್ಯಮ ದರ್ಜೆಯ ಅರ್ಧ ಇಂಚಿನ ಕಬ್ಬಿಣದ ಪೈಪಿನ ಒಳವ್ಯಾಸ ಸುಮಾರು 16 ಮಿ.ಮೀ.

ತಿರುಪಿನದು ಬೇರೆ ಕಥೆ. ಆಗ ಒಂದೊಂದು ಕಾರ್ಖಾನೆಯದೂ ಒಂದೊಂದು ತಿರುಪು. ಒಬ್ಬರ ಬೋಲ್ಟು ಇನ್ನೊಬ್ಬರ ನಟ್ಟಿಗೆ ಕೂರುತ್ತಿರಲಿಲ್ಲ. 1841ರಲ್ಲಿ ಜೋಸೆಫ್ ವಿಟ್ವರ್ತ್ ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ಒಂದು ಪ್ರಬಂಧ ಮಂಡಿಸಿ ಎಲ್ಲರಿಗೂ ಒಂದೇ ತಿರುಪು ಇರಲಿ ಎಂದ. ಬೇರೆ ಬೇರೆ ಕಾರ್ಖಾನೆಗಳ ತಿರುಪುಗಳನ್ನು ಸಂಗ್ರಹಿಸಿ, ಅವುಗಳ ಸರಾಸರಿ ತೆಗೆದು, 55 ಡಿಗ್ರಿ ಕೋನದ ಸುತ್ತುಗಳನ್ನು ಸೂಚಿಸಿದ. ಬ್ರಿಟಿಷ್ ಪೈಪಿನ ತಿರುಪು ಹುಟ್ಟಿದ್ದು ಇದರಿಂದ. ಅರ್ಧ ಇಂಚಿನ ಪೈಪಿಗೆ ಇಂಚಿಗೆ 14 ಸುತ್ತು. ಅಮೆರಿಕದವರು 60 ಡಿಗ್ರಿಯ ಬೇರೆ ದಾರಿ ಹಿಡಿದರು. ಆದರೆ ಅವರ ಅರ್ಧ ಇಂಚಿಗೂ 14 ಸುತ್ತೇ! ಅಮೆರಿಕದಿಂದ ಬಂದವರು ಪ್ರೀತಿಯಿಂದ ತಂದುಕೊಟ್ಟ ಶವರ್ ನಮ್ಮ ಪೈಪಿಗೆ ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಆಮೇಲೆ ಸೋರುವುದು ಇದರಿಂದಲೇ.

ಈ ತಿರುಪು ವಸಾಹತುಗಳಿಗೂ ಬಂತು. ಕಲ್ಕತ್ತೆಗೆ 1870ರಲ್ಲಿ ಪಲ್ಟಾದಿಂದ ಶುದ್ಧೀಕರಿಸಿದ ನೀರು ಹರಿಯಿತು. ಅಂದಿನ ನಲ್ಲಿಯೊಳಗಿನ ವಾಷರ್ ಚರ್ಮದ್ದು. ಚರ್ಮ ತಾಗಿದ ನೀರನ್ನು, ಎಲ್ಲ ಜಾತಿಯವರಿಗೂ ಒಂದೇ ಕೊಳವೆಯಲ್ಲಿ ಬರುವ ನೀರನ್ನು ಕುಡಿಯಬಹುದೇ ಎಂದು ಮಡಿವಂತರು ತಲೆಕೆಡಿಸಿಕೊಂಡರು. ಬೆಂಗಳೂರಿಗೆ ಕೊಳವೆಯ ನೀರು ಬಂದದ್ದು 1890ರ ದಶಕದಲ್ಲಿ, ಅರ್ಕಾವತಿಯ ಹೆಸರಘಟ್ಟದಿಂದ. 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು, 1974ರಲ್ಲಿ ಸುಮಾರು 100 ಕಿ.ಮೀ. ದೂರದಿಂದ ಕಾವೇರಿ. ನೀರಿನ ಮೂಲ ಬದಲಾಗುತ್ತಾ ಹೋಯಿತು. ಮನೆಯೊಳಗಿನ ತಿರುಪು ಬದಲಾಗಲಿಲ್ಲ.

1956ರ ಅಳತೆ ಮತ್ತು ತೂಕಗಳ ಕಾಯಿದೆಯಿಂದ ದೇಶ ಮೆಟ್ರಿಕ್ ಪದ್ಧತಿಗೆ ಹೊರಳಿತು. ಸೇರು, ಮಣ, ಮೈಲಿ ಹೋದವು. ಅರ್ಧ ಇಂಚಿನ ಪೈಪು ಕಾಗದದಲ್ಲಿ '15 ಮಿ.ಮೀ.' ಆಯಿತು. ಆ 15 ಕೂಡ ಬರೀ ಹೆಸರೇ. ತಿರುಪು ಮಾತ್ರ ಅದೇ 55 ಡಿಗ್ರಿ, ಅದೇ 14 ಸುತ್ತು. ಅಷ್ಟು ಹೊತ್ತಿಗೆ ಊರೂರಿನ ಗೋಡೆಗಳೊಳಗೆ ಹುದುಗಿದ್ದ ಪೈಪುಗಳನ್ನು ಯಾವ ಕಾಯಿದೆ ಕೀಳಿಸೀತು?

ಆಮೇಲೆ ಪ್ಲಾಸ್ಟಿಕ್ ಬಂತು. ಯುಪಿವಿಸಿ ಕಬ್ಬಿಣದ ಪೈಪಿನ ಹೊರವ್ಯಾಸವನ್ನು ಪಡೆದುಕೊಂಡಿತು. ಬಿಸಿನೀರು ತಡೆಯುವ ಸಿಪಿವಿಸಿ ಅಮೆರಿಕದ ಮನೆಗಳಲ್ಲಿ ತಾಮ್ರದ ಕೊಳವೆಯ ಜಾಗಕ್ಕೆ ಬಂದದ್ದರಿಂದ ತಾಮ್ರದ ಲೆಕ್ಕ ಹಿಡಿಯಿತು. ಹೆಸರಿಗಿಂತ ಹೊರವ್ಯಾಸ ಇಂಚಿನ ಎಂಟನೇ ಒಂದು ಭಾಗ ಹೆಚ್ಚು ಎಂಬುದು ಆ ಲೆಕ್ಕ. ನನ್ನ ಮೊದಲ ಎಲ್ಬೋ ಕಬ್ಬಿಣದ ವಂಶದ್ದು, ಗೋಡೆಯ ಪೈಪು ತಾಮ್ರದ ವಂಶದ್ದು. ಹೆಸರು ಒಂದೇ ಆದರೂ ಸಂಬಂಧ ಕೂಡಲಿಲ್ಲ.

ಹಾಗಾಗಿ ನಲ್ಲಿ ಬದಲಿಸಲು ಹೊರಟವರಿಗೆ ನನ್ನ ಅನುಭವದ ನಾಲ್ಕು ಮಾತು. ಮೊದಲು ತೊಟ್ಟಿಯ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ನೀರು ಹೋಗಲು ಬಿಡಿ. ಬಿಚ್ಚಿದ ತುಂಡನ್ನು ಅಂಗಡಿಗೆ ಒಯ್ಯಿರಿ. ಪೈಪಿನ ಮೈಮೇಲೆ ಸಿಪಿವಿಸಿ, ಯುಪಿವಿಸಿ ಎಂದು ಅಚ್ಚಾಗಿರುತ್ತದೆ, ಓದಿಕೊಳ್ಳಿ. ಎರಡಕ್ಕೂ ಅಂಟು ಕೂಡ ಬೇರೆ ಬೇರೆ. ಲೋಹದ ತಿರುಪು ಕೂರುವ ಕಡೆ ಒಳಗೆ ಹಿತ್ತಾಳೆ ಇರುವ ಜೋಡಣೆಯನ್ನೇ ಕೇಳಿ. ಟೇಪನ್ನು ತಿರುಪು ಬಿಗಿಯುವ ದಿಕ್ಕಿನಲ್ಲೇ ಸುತ್ತಬೇಕು. ಆಂಗಲ್ ವಾಲ್ವಿನಿಂದ ನಲ್ಲಿಗೆ ಹೋಗುವ ಬಳುಕುವ ಪೈಪಿನ ತುದಿಯಲ್ಲಿ ರಬ್ಬರ್ ವಾಷರ್ ಇದ್ದರೆ ಅಲ್ಲಿ ಟೇಪ್ ಬೇಡ, ನೀರು ತಡೆಯುವುದು ವಾಷರ್. ಕೈಯಲ್ಲಿ ಬಿಗಿದು, ಆಮೇಲೆ ಸ್ಪ್ಯಾನರಿನಲ್ಲಿ ಸ್ವಲ್ಪ ತಿರುಗಿಸಿದರೆ ಸಾಕು. ಇಷ್ಟಾದ ಮೇಲೆ ಆ ರಾತ್ರಿ ಕೆಳಗೊಂದು ಒಣ ಕಾಗದ ಹಾಸಿಡಿ. ಬೆಳಗ್ಗೆ ಅದು ಒಣಗಿಯೇ ಇದ್ದರೆ ನೀವು ಗೆದ್ದಂತೆ.

ಇನ್ನು ನನ್ನ ಕಾಗದಗಳ ವಿಷಯ. ಒದ್ದೆಯಾದ ಹಾಳೆಗಳನ್ನು ಹಗ್ಗಕ್ಕೆ ನೇತುಹಾಕಿ ಒಣಗಿಸುವಾಗ ಹಳೆಯ ಪುರಸಭೆಯ ಲೆಕ್ಕಗಳ ಪಟ್ಟಿಯೊಂದು ಕಣ್ಣಿಗೆ ಬಿತ್ತು. ಮನೆ ಸಂಪರ್ಕಗಳ ಸಾಲಿನಲ್ಲಿ 'ಅರ್ಧ ಇಂಚು' ಎಂದಿದ್ದಲ್ಲೆಲ್ಲ ನಾನು ಪಕ್ಕದಲ್ಲಿ ಪೆನ್ಸಿಲಿನಿಂದ 12.7 ಎಂದು ಬರೆದಿದ್ದೆ. ಆ ಅಂಕಿಯಿಂದಲೇ ಒಂದು ಮನೆಗೆ ಎಷ್ಟು ನೀರು ಹೋಗಿರಬಹುದು ಎಂದು ಲೆಕ್ಕ ಹಾಕಿ, ಅಧ್ಯಾಯವೊಂದರಲ್ಲಿ ಕೋಷ್ಟಕವನ್ನೂ ಮಾಡಿದ್ದೆ. 12.7ರ ಬದಲು 16 ಎಂದಾದರೆ ರಂಧ್ರದ ವಿಸ್ತೀರ್ಣ ಸುಮಾರು ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಆ ಮನೆಗಳ ಪೈಪು ಎಷ್ಟು ದಪ್ಪದ್ದು, ಯಾವ ಲೋಹದ್ದು ಎಂದು ತಿಳಿಯದೆ ಎರಡರಲ್ಲಿ ಯಾವುದನ್ನೂ ಬರೆಯುವಂತಿಲ್ಲ. ಜನರಿಗೆ ಸಿಕ್ಕಿದ ನೀರಿನ ಬಗ್ಗೆ ನಾನು ಧೈರ್ಯವಾಗಿ ಬರೆದಿದ್ದ ಎರಡು ಪುಟಗಳು ಒಂದು ಹೆಸರಿನ ಮೇಲೆ ನಿಂತಿದ್ದವು.

ಮಾರ್ಗದರ್ಶಕರಿಗೆ ವಿಷಯ ತಿಳಿಸಿ ಕೋಷ್ಟಕ ತೆಗೆದುಹಾಕಿದೆ. ಈಗ ಆ ಊರಿನ ಹಳೆಯ ಮನೆಗಳಲ್ಲಿ ಉಳಿದಿರುವ ಪೈಪಿನ ತುಂಡುಗಳನ್ನು ಹುಡುಕುತ್ತಿದ್ದೇನೆ. ಕ್ಯಾಲಿಪರನ್ನು ಗೆಳೆಯನಿಗೆ ಇನ್ನೂ ವಾಪಸು ಕೊಟ್ಟಿಲ್ಲ.